ಉಜ್ಜುವ ಜಾಗದಲ್ಲಿ ಏನಾಗುತ್ತದೆ? ಘರ್ಷಣೆ, ಬಿಸಿ, ಸವೆತ: ಪದೇ ಪದೇ ಕೇಳುವ ಪ್ರಶ್ನೆಗಳು

ಬೈಕಂಪಾಡಿಯ ಮಷಿನ್ ಶಾಪ್‌ಗಳಲ್ಲಿ, ಮಲ್ಪೆ ಬಂದರಿನಲ್ಲಿ, ಸುರತ್ಕಲ್ ಮತ್ತು ಮಣಿಪಾಲದ ಇಂಜಿನಿಯರಿಂಗ್ ಹುಡುಗರ ಜೊತೆ ಮಾತಾಡುವಾಗ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳಿವು. ಕೆಲವು ಪತ್ರದಲ್ಲಿ ಬಂದವು. ಕೇಳಿದವರ ಮಾತನ್ನು ಆದಷ್ಟು ಹಾಗೆಯೇ ಇಟ್ಟಿದ್ದೇನೆ. ಸುಲಭದ್ದು ಮೊದಲು, ಎಂಟ್ರೊಪಿ (ಅಸ್ತವ್ಯಸ್ತತೆಯ ಅಳತೆ) ಕೊನೆಗೆ. ಯಾವ ಉತ್ತರವನ್ನಾದರೂ ಬಿಡಿಯಾಗಿ ಓದಬಹುದು.

## ಮೊದಲ ಪ್ರಶ್ನೆಗಳು

ಕೈ ಉಜ್ಜಿದ್ರೆ ಬಿಸಿ ಆಗ್ತದೆ, ಸರಿ. ಆ ಬಿಸಿ ಎಲ್ಲಿಂದ ಬಂತು?

ನಿಮ್ಮ ತೋಳು ಮಾಡಿದ ಕೆಲಸದಿಂದ. ಘರ್ಷಣೆಯ ಬಲವನ್ನು ಜಾರಿದ ದೂರದಿಂದ ಗುಣಿಸಿ. ಅಷ್ಟು ಶಕ್ತಿ ಉಜ್ಜುವ ಜಾಗಕ್ಕೆ ಹೋಗಿದೆ. ಅದರಲ್ಲಿ ಬಹುಪಾಲು ಬಿಸಿಯಾಗುತ್ತದೆ. ಚೂರುಪಾರು ಶಬ್ದಕ್ಕೆ, ಮೇಲ್ಮೈಯನ್ನು ಜಜ್ಜುವುದಕ್ಕೆ, ಪುಡಿ ಕೀಳುವುದಕ್ಕೆ ಖರ್ಚಾಗುತ್ತದೆ.

ಬಿಸಿ ಅಂದರೆ ವಸ್ತುವಿನೊಳಗೆ ಅಡಗಿರುವ ಒಂದು ದ್ರವ ಎಂದು ನಂಬಿದ್ದ ಕಾಲವೊಂದಿತ್ತು. ಮ್ಯೂನಿಕ್‌ನಲ್ಲಿ ಫಿರಂಗಿ ಕೊರೆಯುವ ಕೆಲಸ ನೋಡಿಕೊಳ್ಳುತ್ತಿದ್ದ ಕೌಂಟ್ ರಮ್‌ಫೋರ್ಡ್‌ಗೆ ಅನುಮಾನ ಬಂತು. ಮೊಂಡು ಉಳಿ ಹಾಕಿ, ಸುತ್ತ ನೀರು ತುಂಬಿಸಿ, ಕುದುರೆಯಿಂದ ತಿರುಗಿಸಿದ. ಸುಮಾರು ಎರಡೂವರೆ ಗಂಟೆಯಲ್ಲಿ ನೀರು ಕುದಿಯಿತು. ತಿರುಗಿಸಿದಷ್ಟೂ ಬಿಸಿ ಬರುತ್ತಲೇ ಇತ್ತು. ಒಳಗಿನ ದ್ರವವೇ ಆಗಿದ್ದರೆ ಎಲ್ಲಾದರೂ ಮುಗಿಯಬೇಕಿತ್ತಲ್ಲ? 1798ರಲ್ಲಿ ಅವನು ಇದನ್ನು ಪ್ರಕಟಿಸಿದ. ಎಷ್ಟು ಕೆಲಸಕ್ಕೆ ಎಷ್ಟು ಬಿಸಿ ಎಂದು 1840ರ ದಶಕದಲ್ಲಿ ಜೂಲ್ ಅಳೆದ. ಇವತ್ತಿನ ಲೆಕ್ಕದಲ್ಲಿ ಒಂದು ಕ್ಯಾಲೊರಿಗೆ 4.18 ಜೂಲ್.

ನುಣುಪು ಮಾಡಿದಷ್ಟೂ ಘರ್ಷಣೆ ಕಡಿಮೆ ಆಗ್ಬೇಕಲ್ವಾ?

ಒಂದು ಹಂತದವರೆಗೆ ಮಾತ್ರ. ಕಣ್ಣಿಗೆ ಎಷ್ಟೇ ನುಣುಪು ಕಂಡರೂ ಲೋಹದ ಮೈಮೇಲೆ ಸಣ್ಣ ಸಣ್ಣ ಉಬ್ಬುಗಳಿರುತ್ತವೆ. ಎರಡು ಮೈ ಸೇರಿದಾಗ ತಾಗುವುದು ಆ ಉಬ್ಬುಗಳ ತುದಿ ಮಾತ್ರ.

ಲೆಕ್ಕ ಹಾಕಿ ನೋಡಿ. 100 ಕೆಜಿ ತೂಕದ ಉಕ್ಕಿನ ಗಟ್ಟಿಯನ್ನು ಉಕ್ಕಿನ ಮೇಜಿನ ಮೇಲಿಟ್ಟಿದ್ದೀರಿ. ಭಾರ ಸುಮಾರು 1000 ನ್ಯೂಟನ್. ಸಾಧಾರಣ ಉಕ್ಕು ಚದರ ಮಿಲಿಮೀಟರಿಗೆ 1000ದಿಂದ 2000 ನ್ಯೂಟನ್ ಒತ್ತಡ ಬಿದ್ದಾಗ ಚಪ್ಪಟೆಯಾಗುತ್ತದೆ. ಅಂದರೆ ಒಂದು ಚದರ ಮಿಲಿಮೀಟರ್ ಜಾಗ ತಾಗಿದರೆ ಅಷ್ಟೂ ಭಾರ ಹೊರುವುದಕ್ಕೆ ಸಾಕು! ಗಟ್ಟಿಯ ತಳ ಹಾಸುಗಲ್ಲಿನಷ್ಟು ಅಗಲವಿದ್ದರೂ ಅಷ್ಟೇ.

ಭಾರ ಇಮ್ಮಡಿಯಾದರೆ ತಾಗುವ ಜಾಗವೂ ಇಮ್ಮಡಿ, ಘರ್ಷಣೆಯೂ ಇಮ್ಮಡಿ. ತಳದ ಅಗಲ ಲೆಕ್ಕಕ್ಕಿಲ್ಲ. 1699ರಲ್ಲಿ ಅಮೊಂತೋ ಹೇಳಿದ್ದು ಇದನ್ನೇ. ಯಾಕೆ ಹೀಗೆ ಎಂದು ಬಿಡಿಸಿ ತೋರಿಸಿದ್ದು ಕೇಂಬ್ರಿಜ್‌ನ ಬೌಡನ್ ಮತ್ತು ಟೇಬರ್, 20ನೇ ಶತಮಾನದ ನಡುವಿನಲ್ಲಿ.

ತೀರಾ ನುಣುಪು ಮಾಡಿದರೆ ಆಟ ತಿರುಗುತ್ತದೆ. ಮೆಟ್ರಾಲಜಿ (ಅಳತೆಯ) ಲ್ಯಾಬಿನಲ್ಲಿ ಉದ್ದ ಅಳೆಯಲು ಇಟ್ಟಿರುವ ನುಣುಪು ಗಟ್ಟಿಗಳಾದ ಸ್ಲಿಪ್ ಗೇಜ್‌ಗಳನ್ನು ಒರೆಸಿ, ಒತ್ತಿ ಜಾರಿಸಿ ನೋಡಿ. ಅಂಟಿಕೊಂಡುಬಿಡುತ್ತವೆ, ಕೀಳಬೇಕಾದರೆ ಶಕ್ತಿ ಬೇಕು.

ಘರ್ಷಣೆ ಜಾಸ್ತಿ ಇದ್ರೆ ಸವೆತವೂ ಜಾಸ್ತಿ ತಾನೇ?

ಅಲ್ಲ. ಇದೊಂದು ತಪ್ಪು ತಿಳಿವಳಿಕೆ ಹೋದರೆ ಅರ್ಧ ಗೊಂದಲ ಹೋದ ಹಾಗೆ. ಬ್ರೇಕ್ ಲೈನರ್‌ಗೆ ಒಳ್ಳೆಯ ಘರ್ಷಣೆ ಬೇಕು, ಆದರೆ ಸಾವಿರಾರು ಕಿಲೋಮೀಟರ್ ಬಾಳಿಕೆ ಬರುತ್ತದೆ.

1953ರಲ್ಲಿ ಆರ್ಚರ್ಡ್ ಒಂದು ಸರಳ ಸೂತ್ರ ಕೊಟ್ಟ. ಸವೆದು ಹೋಗುವ ವಸ್ತು ಭಾರಕ್ಕೂ ಜಾರಿದ ದೂರಕ್ಕೂ ತಕ್ಕಂತೆ ಹೆಚ್ಚುತ್ತದೆ, ಗಡಸುತನಕ್ಕೆ ತಕ್ಕಂತೆ ಕಡಿಮೆಯಾಗುತ್ತದೆ. ಜೊತೆಗೊಂದು ಗುಣಾಂಕ. ಎಣ್ಣೆ ಹಾಕದ ಒಣ ಲೋಹದ ಜೋಡಿಗಳಲ್ಲಿ ಘರ್ಷಣೆ ಒಂದಕ್ಕಿಂತ ಇನ್ನೊಂದರಲ್ಲಿ ನಾಲ್ಕೈದು ಪಟ್ಟು, ಹೆಚ್ಚೆಂದರೆ ಹತ್ತು ಪಟ್ಟು ಜಾಸ್ತಿ ಇರಬಹುದು. ಈ ಸವೆತದ ಗುಣಾಂಕ ಮಾತ್ರ ಲಕ್ಷ ಪಟ್ಟು ಬದಲಾಗುತ್ತದೆ. ಆ ಲಕ್ಷ ಪಟ್ಟು ಎಲ್ಲಿಂದ ಬರುತ್ತದೆ ಎಂಬುದೇ ಮುಂದಿನ ಎಷ್ಟೋ ಉತ್ತರಗಳ ವಿಷಯ. ಬರುವುದು ಹೆಚ್ಚಾಗಿ ಮೇಲ್ಮೈಯಲ್ಲಿ ತಾನಾಗಿ ಕಟ್ಟಿಕೊಳ್ಳುವ ತೆಳು ಪೊರೆಯಿಂದ.

ರುಬ್ಬುವ ಕಲ್ಲು ನುಣುಪಾದ್ರೆ ಕಲ್ಲು ಕುಟ್ಟಿಸ್ತಾರೆ. ಅಲ್ಲಿ ನುಣುಪೇ ತೊಂದರೆಯಾ?

ಹೌದು. ಅಕ್ಕಿ, ಉದ್ದು ಅರೆಯಬೇಕಾದರೆ ಹಿಡಿತ ಬೇಕು. ಗ್ರಾನೈಟಿನಲ್ಲಿ ಬೇರೆ ಬೇರೆ ಗಡಸಿನ ಖನಿಜಗಳಿರುತ್ತವೆ. ಬೆಣಚುಕಲ್ಲಿನ ಹರಳು ಗಟ್ಟಿ, ಅಭ್ರಕ ಮೆದು. ಮೆದುವಾದದ್ದು ಮೊದಲು ಸವೆದು, ಗಟ್ಟಿಯಾದದ್ದು ಎದ್ದು ನಿಲ್ಲುತ್ತದೆ. ಹಾಗಾಗಿ ಕಲ್ಲು ತನ್ನ ತರಿಯನ್ನು ತಾನೇ ಬಹಳ ಕಾಲ ಉಳಿಸಿಕೊಳ್ಳುತ್ತದೆ. ಕೊನೆಗೆ ಎಲ್ಲವೂ ಮಟ್ಟಸವಾದಾಗ ಉಳಿ ಸುತ್ತಿಗೆ ಬೇಕು. ನಮ್ಮ ಕಡೆ ಹೆಜ್ಜೆಗೊಂದು ಮೆದುವಾದ, ತೂತುತೂತಿನ ಮುರಕಲ್ಲು ಸಿಕ್ಕಿದರೂ ಯಾರೂ ಅದರಲ್ಲಿ ರುಬ್ಬಲಿಲ್ಲ. ಕಾರಣ ಹೇಳಬೇಕಾಗಿಲ್ಲ ತಾನೆ?

## ಬಸ್ಸು, ಬೋಟು, ಮಿಕ್ಸಿ

ಶಿರಾಡಿ ಘಾಟಿ ಇಳಿಯುವಾಗ ಬ್ರೇಕ್ ಯಾಕೆ ಕೈ ಕೊಡ್ತದೆ?

ಬಿಸಿಯಿಂದ. 15 ಟನ್ ತೂಕದ ಬಸ್ಸು 100 ಮೀಟರ್ ಎತ್ತರ ಇಳಿದರೆ ಸುಮಾರು 1.47 ಕೋಟಿ ಜೂಲ್ ಶಕ್ತಿ ಎಲ್ಲಾದರೂ ಹೋಗಬೇಕು. ಪೂರ್ತಿ ಬ್ರೇಕಿನಲ್ಲೇ ಹಿಡಿದರೆ, 30 ಡಿಗ್ರಿಯ 50 ಲೀಟರ್ ನೀರು ಕುದಿಯಲು ಬೇಕಾದಷ್ಟು ಬಿಸಿ. ಇಳಿಯಬೇಕಾದ್ದು ಬರೀ 100 ಮೀಟರ್ ಅಲ್ಲ, ಅದರ ಹಲವು ಪಟ್ಟು.

ಲೈನರಿನಲ್ಲಿರುವ ರಾಳ ಬಿಸಿಗೆ ಒಡೆದು ಹಿಡಿತ ಬಿಡುತ್ತದೆ. ಚಕ್ರದ ಜೊತೆ ತಿರುಗುವ ಡ್ರಮ್ ಹಿಗ್ಗಿ, ಅದನ್ನು ಒಳಗಿನಿಂದ ಒತ್ತುವ ಶೂಗಳಿಂದ ದೂರ ಸರಿಯುತ್ತದೆ. ಎರಡೂ ಒಟ್ಟಿಗೆ ಆದಾಗ ಪೆಡಲ್ ಒತ್ತಿದರೂ ಬಸ್ಸು ನಿಲ್ಲುವುದಿಲ್ಲ. ಹಳೆಯ ಡ್ರೈವರುಗಳು ಹತ್ತಿದ ಗೇರಿನಲ್ಲೇ ಇಳಿಯಬೇಕು ಅನ್ನುವುದು ಇದಕ್ಕೇ. ಆಗ ಒಂದು ದೊಡ್ಡ ಪಾಲನ್ನು ಎಂಜಿನ್ ಹೊರುತ್ತದೆ.

ಬ್ರೇಕ್ ಡ್ರಮ್ ಲೇತಿಗೆ ಹಾಕಿ ಟರ್ನಿಂಗ್ ಮಾಡುವಾಗ ನೀಲಿ ಕಲೆ ಇರುವಲ್ಲಿ ಟೂಲ್ ಹಾರ್ತದೆ. ಎಂತ ಅದು?

ಬಹಳ ಒಳ್ಳೆಯ ಪ್ರಶ್ನೆ. ಲೇತ್ ಮುಂದೆ ನಿಂತವರಿಗೆ ಮಾತ್ರ ಹೊಳೆಯುವಂಥದ್ದು.

ಡ್ರಮ್ಮಿನ ಮೈಯಲ್ಲಿ ಒಂದು ಜಾಗ ಉಳಿದದ್ದಕ್ಕಿಂತ ಕೂದಲೆಳೆಯಷ್ಟು ಹೆಚ್ಚು ಬಿಸಿಯಾಯಿತು ಅಂತಿಟ್ಟುಕೊಳ್ಳಿ. ಅದು ಹಿಗ್ಗಿ ಉಬ್ಬುತ್ತದೆ. ಉಬ್ಬಿದ್ದರಿಂದ ಲೈನರ್ ಅಲ್ಲೇ ಜಾಸ್ತಿ ಒತ್ತುತ್ತದೆ. ಒತ್ತಿದ್ದರಿಂದ ಇನ್ನೂ ಬಿಸಿ, ಇನ್ನೂ ಉಬ್ಬು. ವೇಗ ಕಡಿಮೆಯಿದ್ದರೆ ಬಿಸಿ ಅಕ್ಕಪಕ್ಕ ಹರಡಿ ಸಮವಾಗುತ್ತದೆ, ಸವೆತವೂ ಉಬ್ಬನ್ನು ತಗ್ಗಿಸುತ್ತದೆ. ಒಂದು ಮಿತಿ ದಾಟಿದರೆ ಹರಡುವುದಕ್ಕಿಂತ ಬೆಳೆಯುವುದೇ ಬೇಗ. ಆಗ ಸಮನಾಗಿದ್ದ ಮೈ ತಾನಾಗಿ ಒಡೆದು, ಸುತ್ತಲೂ ಹೆಚ್ಚುಕಮ್ಮಿ ಒಂದೇ ಅಂತರದಲ್ಲಿ ಬಿಸಿ ಮಚ್ಚೆಗಳು ಏಳುತ್ತವೆ. 1969ರಲ್ಲಿ ಬಾರ್ಬರ್ ಈ ಅಸ್ಥಿರತೆಯನ್ನು ಬ್ರೇಕುಗಳಲ್ಲಿ ವಿವರಿಸಿದರು.

ಮಚ್ಚೆಯ ಬಿಸಿ 700 ಡಿಗ್ರಿ ದಾಟಿದರೆ ಎರಕದ ಕಬ್ಬಿಣದ ಒಳರಚನೆಯೇ ಬದಲಾಗುತ್ತದೆ. ಬ್ರೇಕ್ ಬಿಟ್ಟ ಕೂಡಲೇ ಸುತ್ತಲಿನ ತಣ್ಣನೆಯ ಕಬ್ಬಿಣ ಬಿಸಿಯನ್ನು ಹೀರಿಕೊಳ್ಳುತ್ತದೆ. ಕುಲುಮೆಯಿಂದ ತೆಗೆದು ನೀರಿಗೆ ಅದ್ದಿದಷ್ಟೇ ಪರಿಣಾಮ. ಅಲ್ಲಿ ಹುಟ್ಟುವುದು ಮಾರ್ಟೆನ್‌ಸೈಟ್, ತುಂಬ ಗಡಸು. ಟೂಲ್ ಅದರ ಮೇಲೆ ಹತ್ತಿ ಇಳಿಯುತ್ತದೆ, ಕತ್ತರಿಸುವುದಿಲ್ಲ. ಟರ್ನಿಂಗ್ ಮುಗಿದ ಮೇಲೆ ಬೆರಳಾಡಿಸಿ ನೋಡಿ, ಕಲೆಗಳು ಸಣ್ಣ ದಿಬ್ಬವಾಗಿ ಉಳಿದಿರುತ್ತವೆ. ಗ್ರೈಂಡಿಂಗ್‌ನಲ್ಲಿ ಹೋದರೆ ಸರಿ. ಕಲೆ ಆಳಕ್ಕೆ ಇಳಿದಿದ್ದರೆ, ಬಿರುಕು ಕಂಡರೆ ಡ್ರಮ್ ಬದಲಿಸಿ. ಜನ ಕೂರುವ ಗಾಡಿಯಲ್ಲಿ ಅಲ್ಲಿ ಉಳಿತಾಯ ನೋಡಬಾರದು.

ತನ್ನಿಂದ ತಾನೇ ಕ್ರಮ ಹುಟ್ಟುವುದು (ಸ್ವಯಂ-ಸಂಘಟನೆ) ಅಂದರೆ ಯಾವಾಗಲೂ ಒಳ್ಳೆಯದು ಎಂದು ಬರೆಯುವವರಿಗೆ ಈ ಡ್ರಮ್ ತೋರಿಸಬೇಕು.

ಎಂಜಿನ್ ಬೋರ್ ಮಾಡಿಸಿದ ಮೇಲೆ ರನ್ನಿಂಗ್ ಇನ್ ಅಂತಾರಲ್ಲ, ಈಗಿನ ಆಯಿಲ್‌ಗೂ ಅದು ಬೇಕಾ?

ಬೇಕು. ರನ್ನಿಂಗ್ ಇನ್ ಅಂದರೆ ಹೊಸ ಬೋರನ್ನು ಮೊದಮೊದಲು ಹದವಾಗಿ ಓಡಿಸಿ ಪಳಗಿಸುವುದು. ಹೋನಿಂಗ್ ಮಾಡಿದ (ಸಾಣೆಕಲ್ಲಿನಿಂದ ತಿಕ್ಕಿದ) ಬೋರಿನಲ್ಲಿ ಅಡ್ಡಡ್ಡ ಗೀರುಗಳಿರುತ್ತವೆ. ಮೊದಲ ಗಂಟೆಗಳಲ್ಲಿ ಚೂಪು ತುದಿಗಳು ಮುರಿದು ಚಪ್ಪಟೆಯಾಗುತ್ತವೆ, ಗೀರಿನ ಆಳದಲ್ಲಿ ಎಣ್ಣೆ ನಿಲ್ಲುತ್ತದೆ. ಇದು ಎಲ್ಲರಿಗೂ ಗೊತ್ತಿರುವುದು. ಕಣ್ಣಿಗೆ ಕಾಣದ್ದು ಇನ್ನೊಂದಿದೆ. ಎಣ್ಣೆಯಲ್ಲಿ ಸತು, ರಂಜಕ, ಗಂಧಕ ಸೇರಿದ ಒಂದು ಸಂಯುಕ್ತ ಇರುತ್ತದೆ. ತುದಿಗಳು ಉಜ್ಜುವ ಕಡೆ ಒತ್ತಡಕ್ಕೂ ಬಿಸಿಗೂ ಅದು ಒಡೆದು, ಗಾಜಿನಂಥ ಪೊರೆಯಾಗಿ ಲೋಹಕ್ಕೆ ಅಂಟುತ್ತದೆ. ದಪ್ಪ ಸುಮಾರು 100 ನ್ಯಾನೊಮೀಟರ್. ಒತ್ತಡ ಎಲ್ಲಿ ಜಾಸ್ತಿಯೋ ಅಲ್ಲೇ ಬೇಗ ಬೆಳೆಯುತ್ತದೆ. ಬೆಳೆದ ಮೇಲೆ ಭಾರವನ್ನು ಹರಡಿ ಒತ್ತಡ ತಗ್ಗಿಸುತ್ತದೆ, ಹಾಗಾಗಿ ತನ್ನ ಬೆಳವಣಿಗೆಯನ್ನು ತಾನೇ ನಿಲ್ಲಿಸುತ್ತದೆ. ಅತಿ ಸಣ್ಣ ಮೊನೆಯಿಂದ ಉಜ್ಜುತ್ತಾ ಇದನ್ನು ನೇರವಾಗಿ ನೋಡಿದ ಪ್ರಯೋಗ 2015ರಲ್ಲಿ ಪ್ರಕಟವಾಯಿತು.

ಇದಕ್ಕೆಲ್ಲ ಹದವಾದ ಭಾರ ಬೇಕು. ಸುಮ್ನೆ ಗಂಟೆಗಟ್ಟಲೆ ಐಡಲ್‌ನಲ್ಲಿ ಬಿಟ್ಟರೆ ಪಿಸ್ಟನ್ ರಿಂಗ್ ಕೂರುವುದಿಲ್ಲ, ಬೋರ್ ಬರೀ ಮಿರುಗುತ್ತದೆ. ಮೊದಲ ದಿನವೇ ಪೂರ್ತಿ ಲೋಡ್ ಹಾಕಿ ಘಟ್ಟ ಹತ್ತಿಸಿದರೆ ಪೊರೆ ಕಟ್ಟುವ ಮೊದಲೇ ಲೋಹ ಲೋಹಕ್ಕೆ ಅಂಟಿ ಕಿತ್ತು ಬರುತ್ತದೆ.

ಮಿಕ್ಸಿ ಬಿಚ್ಚಿದೆ. ಕಾರ್ಬನ್ ಬ್ರಶ್ ಕೂರುವ ತಾಮ್ರ ಕಂದು ಬಣ್ಣಕ್ಕೆ ತಿರುಗಿದೆ. ಪಾಲಿಶ್ ಪೇಪರ್‌ನಲ್ಲಿ ಉಜ್ಜಲಾ?

ಬೇಡ! ಚಾಕೊಲೇಟ್ ಬಣ್ಣದಲ್ಲಿ ಸಮನಾಗಿ ಹರಡಿದ್ದರೆ ಅದು ಕೊಳೆಯಲ್ಲ, ಕಮ್ಯುಟೇಟರ್ ತಾನೇ ಕಟ್ಟಿಕೊಂಡ ರಕ್ಷೆ. ತಾಮ್ರದ ಆಕ್ಸೈಡ್, ಬ್ರಶ್ಶಿನ ಗ್ರಾಫೈಟ್, ಗಾಳಿಯ ತೇವ ಮೂರೂ ಸೇರಿ ಆಗಿದ್ದು. ವಿದ್ಯುತ್ತನ್ನು ಬಿಡುತ್ತದೆ, ಬ್ರಶ್ಶನ್ನು ಸವೆಯಲು ಬಿಡುವುದಿಲ್ಲ. ಉಜ್ಜಿ ತೆಗೆದರೆ ಹೊಸ ಪೊರೆ ಕಟ್ಟುವವರೆಗೆ ಬ್ರಶ್ ಬೇಗ ಬೇಗ ಸವೆಯುತ್ತದೆ. ಕಪ್ಪಾಗಿ ಸುಟ್ಟ ಪಟ್ಟೆಗಳಿದ್ದರೆ, ಜೋರು ಕಿಡಿ ಹಾರುತ್ತಿದ್ದರೆ ಮಾತ್ರ ರಿಪೇರಿಯವರಿಗೆ ತೋರಿಸಿ.

ತೇವ ಎಷ್ಟು ಮುಖ್ಯ ಎಂದು ಗೊತ್ತಾದದ್ದು ಎರಡನೇ ಮಹಾಯುದ್ಧದಲ್ಲಿ. ತುಂಬ ಎತ್ತರದಲ್ಲಿ ಹಾರುವ ವಿಮಾನಗಳ ಜನರೇಟರ್ ಬ್ರಶ್‌ಗಳು ಬಹುಬೇಗ ಪುಡಿಯಾಗತೊಡಗಿದವು. ಅಲ್ಲಿನ ಗಾಳಿ ಒಣ. ಗ್ರಾಫೈಟ್ ಪದರಗಳು ಸುಲಭವಾಗಿ ಜಾರಬೇಕಾದರೆ ನೀರಾವಿ ಬೇಕು. ಮಂಗಳೂರಿನ ಸೆಕೆಗೆ ನಾವು ಬೈದುಕೊಳ್ಳುತ್ತೇವೆ, ಗ್ರಾಫೈಟ್‌ಗೆ ಅದೇ ಹಿತ. ಮಾಲಿಬ್ಡಿನಮ್ ಡೈಸಲ್ಫೈಡ್ ತದ್ವಿರುದ್ಧ, ಒಣ ಲೇಪವಾಗಿ ಬಳಸಿದರೆ ತೇವ ಅದಕ್ಕೆ ಆಗುವುದಿಲ್ಲ. ಅದಕ್ಕೇ ಉಪಗ್ರಹಗಳಲ್ಲಿ ಅದನ್ನು ಬಳಸುತ್ತಾರೆ.

ನಮ್ಮದು ಮಲ್ಪೆಯ ಬೋಟು. ತುಕ್ಕು ಹಿಡಿಯುವುದಿಲ್ಲ ಅಂತ ಸ್ಟೇನ್‌ಲೆಸ್ ಶಾಫ್ಟ್ ಹಾಕಿಸಿದ್ದು. ಬುಷ್ ಕೂರುವ ಜಾಗ ಮಾತ್ರ ಸವೆದಿದೆ, ಯಾಕೆ?

ಸ್ಟೇನ್‌ಲೆಸ್ ಉಕ್ಕನ್ನು ಕಾಯುವುದು ಕೆಲವೇ ನ್ಯಾನೊಮೀಟರ್ ದಪ್ಪದ ಕ್ರೋಮಿಯಂ ಆಕ್ಸೈಡ್ ಪೊರೆ. ಬೇರೆ ಕಡೆ ಅದು ಸುರಕ್ಷಿತವಾಗಿದೆ. ಬುಷ್ (ಶಾಫ್ಟನ್ನು ಹಿಡಿದಿರುವ ಬಳೆ) ಒಳಗೆ ಪ್ರತಿ ಸುತ್ತಿನಲ್ಲೂ ಕಿತ್ತು ಹೋಗುತ್ತದೆ, ಮತ್ತೆ ಕಟ್ಟುತ್ತದೆ. ಹೊಸದಾಗಿ ಕಟ್ಟಿದಾಗಲೆಲ್ಲ ಶಾಫ್ಟಿನ ಲೋಹವೇ ಖರ್ಚು. ಉಪ್ಪುನೀರು ರಿಪೇರಿಯನ್ನು ಇನ್ನೂ ಕಷ್ಟ ಮಾಡುತ್ತದೆ. ಬರೀ ಉಪ್ಪುನೀರು ಮಾಡುವ ಹಾನಿ, ಬರೀ ಉಜ್ಜುವಿಕೆ ಮಾಡುವ ಹಾನಿ ಎರಡನ್ನೂ ಕೂಡಿಸಿದರೂ, ಇವು ಜೊತೆಯಾಗಿ ಮಾಡುವಷ್ಟು ಆಗುವುದಿಲ್ಲ. ಅಳಿವೆಯಲ್ಲಿ ದಾಟುವಾಗ ಒಳಗೆ ಸೇರುವ ಮರಳು ಬೇರೆ.

ಆ ಭಾಗಕ್ಕೆ ಬದಲಿಸಬಹುದಾದ ಸ್ಲೀವ್ ಹಾಕಿಸಿ. ನೀರಿನಲ್ಲೇ ಓಡುವ ರಬ್ಬರ್ ಬುಷ್ ಆದರೆ ಅದಕ್ಕೆ ನೀರು ಸರಾಗವಾಗಿ ಹೋಗುವಂತೆ ನೋಡಿಕೊಳ್ಳಿ.

## ಎಂಟ್ರೊಪಿಯ ಕಡೆ

ಎರಡನೇ ನಿಯಮದ ಪ್ರಕಾರ ಎಲ್ಲ ಅಸ್ತವ್ಯಸ್ತ ಆಗ್ಬೇಕು. ಮತ್ತೆ ಉಜ್ಜುವ ಜಾಗದಲ್ಲಿ ಕ್ರಮ ಹೇಗೆ ಹುಟ್ತದೆ?

ಉಷ್ಣಗತಿಶಾಸ್ತ್ರದ ಎರಡನೇ ನಿಯಮ ಎಂಟ್ರೊಪಿಯ ಒಟ್ಟು ಲೆಕ್ಕದ ಬಗ್ಗೆ ಮಾತಾಡುತ್ತದೆ. ಮನೆ ಗುಡಿಸಿದಾಗ ಜಗಲಿ ಚೊಕ್ಕಟವಾಗುತ್ತದೆ, ಕಸ ಅಂಗಳಕ್ಕೆ ಹೋಗುತ್ತದೆ. ಉಜ್ಜುವ ಮೇಲ್ಮೈಯೂ ಹಾಗೆಯೇ. ಒಳಗೆ ಕೆಲಸ ಬರುತ್ತಿದೆ, ಹೊರಗೆ ಬಿಸಿ ಹೋಗುತ್ತಿದೆ. ಪೊರೆ ಕಟ್ಟುವಾಗ ಕಡಿಮೆಯಾದ ಚೂರು ಎಂಟ್ರೊಪಿಗಿಂತ ಎಷ್ಟೋ ಪಾಲು ಹೆಚ್ಚು ಎಂಟ್ರೊಪಿ ಆ ಬಿಸಿಯ ಜೊತೆ ಹೊರಗೆ ಹೋಗಿರುತ್ತದೆ.

ಸಮತೋಲದಿಂದ ದೂರ ತಳ್ಳಿದ, ಶಕ್ತಿ ಹರಿಯುತ್ತಿರುವ ವ್ಯವಸ್ಥೆಯಲ್ಲಿ ಹೀಗೆ ಹುಟ್ಟುವ ಕ್ರಮವನ್ನು ಪ್ರಿಗೊಜಿನ್ ಸಿದ್ಧಾಂತವಾಗಿ ಕಟ್ಟಿದರು. 1977ರ ರಸಾಯನಶಾಸ್ತ್ರದ ನೊಬೆಲ್ ಅವರಿಗೆ ಬಂತು. ಬರೀ ಶಕ್ತಿ ಹರಿದರೆ ಸಾಲದು. ಒಂದು ಮಿತಿ ದಾಟಬೇಕು, ಕಾರಣವನ್ನು ಪರಿಣಾಮವೇ ತಿದ್ದುವ ಸುತ್ತು ಇರಬೇಕು. ನಮ್ಮ ವಿಷಯದಲ್ಲಿ ಆ ಸುತ್ತು ಹೀಗೆ: ಪೊರೆ ಕಿತ್ತು ಹೋಗುತ್ತದೆ, ಬರಿಯ ಲೋಹ ತೆರೆಯುತ್ತದೆ, ಅಲ್ಲಿ ಬಿಸಿ ಏರುತ್ತದೆ, ಗಾಳಿ ಅಥವಾ ಎಣ್ಣೆಯ ಜೊತೆ ಲೋಹ ಬೇಗ ಕೂಡುತ್ತದೆ, ಪೊರೆ ಮತ್ತೆ ಬೆಳೆಯುತ್ತದೆ, ಬಿಸಿ ಇಳಿಯುತ್ತದೆ. ಬೆಳೆಯುವ ವೇಗ ಮತ್ತು ಸವೆಯುವ ವೇಗ ಸಮವಾದ ದಪ್ಪದಲ್ಲಿ ಪೊರೆ ನಿಲ್ಲುತ್ತದೆ. ಭಾರ ವಿಪರೀತ ಏರಿದರೆ ಸವೆತ ಗೆದ್ದುಬಿಡುತ್ತದೆ. ಅದನ್ನೇ ಶಾಪಿನಲ್ಲಿ ಸೀಜ್ ಆಯ್ತು ಅನ್ನುವುದು.

ಎಂಟ್ರೊಪಿ ಲೆಕ್ಕ ಹಾಕಿ ಸವೆತವನ್ನು ಮುಂಚೆಯೇ ಹೇಳಬಹುದಾ?

ಸ್ವಲ್ಪ ಮಟ್ಟಿಗೆ. ಘರ್ಷಣೆಯ ಬಲವನ್ನು ವೇಗದಿಂದ ಗುಣಿಸಿ, ಆ ಜಾಗದ ಕೆಲ್ವಿನ್ ಉಷ್ಣತೆಯಿಂದ ಭಾಗಿಸಿದರೆ ಸೆಕೆಂಡಿಗೆ ಎಷ್ಟು ಎಂಟ್ರೊಪಿ ಹುಟ್ಟುತ್ತದೆ ಎಂದು ಸಿಗುತ್ತದೆ. 50 ನ್ಯೂಟನ್ ಭಾರ, 0.4 ಘರ್ಷಣಾ ಗುಣಾಂಕ, ಸೆಕೆಂಡಿಗೆ ಒಂದು ಮೀಟರ್ ವೇಗ ಅಂದರೆ 20 ವ್ಯಾಟ್. ಉಷ್ಣತೆ 350 ಕೆಲ್ವಿನ್ ಇದ್ದರೆ ಒಂದು ಗಂಟೆಯಲ್ಲಿ ಕೆಲ್ವಿನ್ನಿಗೆ ಸುಮಾರು 206 ಜೂಲ್.

ಬ್ರಯಂಟ್, ಖೋನ್ಸಾರಿ ಮತ್ತು ಲಿಂಗ್ 2008ರಲ್ಲಿ ಹೇಳಿದ್ದು ಇಷ್ಟು: ವಸ್ತು ಹಾಳಾಗುವ ವೇಗ ಈ ಎಂಟ್ರೊಪಿ ಹುಟ್ಟುವ ವೇಗಕ್ಕೆ ಅನುಪಾತದಲ್ಲಿರುತ್ತದೆ. ಆ ಅನುಪಾತವನ್ನು ಒಮ್ಮೆ ಅಳೆದುಕೊಂಡರೆ ಭಾರ, ವೇಗ ಬದಲಾದರೂ ಬಳಸಬಹುದು. ಇದರಲ್ಲಿ ಆರ್ಚರ್ಡ್‌ನ ಹಳೆಯ ಸೂತ್ರವೂ ಅಡಗಿದೆ. ಆದರೆ ಸವೆತದ ಬಗೆಯೇ ಬದಲಾದರೆ ಅನುಪಾತವೂ ಹೊಸದು. ಪೊರೆ ಇದ್ದಾಗ ಅಳೆದ ಸಂಖ್ಯೆ ಪೊರೆ ಹರಿದ ಮೇಲೆ ಕೆಲಸಕ್ಕೆ ಬಾರದು.

ಸವೆತವೇ ಇಲ್ಲದ ಜೋಡಿ ಉಂಟಾ?

ಹತ್ತಿರಕ್ಕೆ ಬಂದದ್ದುಂಟು. 1950ರ ದಶಕದಲ್ಲಿ ಸೋವಿಯತ್ ಒಕ್ಕೂಟದ ಗಾರ್ಕುನೊವ್ ಮತ್ತು ಕ್ರಾಗೆಲ್‌ಸ್ಕಿ, ಕಂಚು ಮತ್ತು ಉಕ್ಕು ಗ್ಲಿಸರಿನ್‌ನಲ್ಲಿ ಉಜ್ಜುವಾಗ ಎರಡರ ಮೇಲೂ ತೆಳು ತಾಮ್ರದ ಪೊರೆ ಕಟ್ಟುವುದನ್ನು ಗಮನಿಸಿದರು. ಕಂಚಿನ ತವರ ಮೊದಲಾದವು ಕರಗಿ ಹೋಗಿ ತಾಮ್ರ ಮಾತ್ರ ಉಳಿಯುತ್ತದೆ, ಉಕ್ಕಿಗೂ ದಾಟುತ್ತದೆ. ಆಮ್ಲಜನಕ ತಾಗದ ಕಾರಣ ತಾಮ್ರ ಮೆದುವಾಗಿಯೇ ಇರುತ್ತದೆ. ಎದ್ದ ಪುಡಿಯೂ ಮತ್ತೆ ಪೊರೆಗೇ ಸೇರುತ್ತದೆ. ಸವೆತ ವಿಪರೀತ ಕಡಿಮೆ.

ಇದನ್ನೇ ಹೇಳಿಕೊಂಡು, ಎಣ್ಣೆಗೆ ಸುರಿದರೆ ಎಂಜಿನ್ ಹೊಸದಾಗುತ್ತದೆ ಎಂದು ಬಾಟಲಿ ಮಾರುವವರಿದ್ದಾರೆ. ನಾನಂತೂ ಹಾಕುವುದಿಲ್ಲ. ಆ ಪೊರೆಗೆ ಬೇಕಾದ ಜೋಡಿ, ದ್ರವ, ಭಾರ ಎಲ್ಲವೂ ನಿರ್ದಿಷ್ಟ.

ಉಜ್ಜುವ ಮೇಲ್ಮೈ ಎಂಟ್ರೊಪಿ ಉತ್ಪಾದನೆಯನ್ನು ಕನಿಷ್ಠಕ್ಕೆ ತರ್ತದೆ ಅಂತ ಓದಿದ್ದೇನೆ. ಸರಿಯಾ?

ಎಚ್ಚರದಿಂದ ಓದಬೇಕಾದ ಮಾತು. ಪ್ರಿಗೊಜಿನ್‌ನ ಆ ಪ್ರಮೇಯ ಸಮತೋಲದ ಹತ್ತಿರ ಇರುವ, ಸ್ಥಿರವಾಗಿ ನಡೆಯುವ ವ್ಯವಸ್ಥೆಗೆ ಹೇಳಿದ್ದು. ಬಿಸಿ ಬ್ರೇಕ್, ಲೇತ್ ಟೂಲಿನ ಮೊನೆ ಅಲ್ಲಿಂದ ಬಹಳ ದೂರ.

ಒಂದು ಸರಳ ಪರೀಕ್ಷೆ ಮಾಡಿ. ಮೋಟಾರ್ ಒಂದೇ ವೇಗದಲ್ಲಿ ತಿರುಗಿಸುತ್ತಿದ್ದರೆ, ಪೊರೆ ಕಟ್ಟಿ ಘರ್ಷಣೆ ಇಳಿದಾಗ ಎಂಟ್ರೊಪಿ ಉತ್ಪಾದನೆಯೂ ಇಳಿಯುತ್ತದೆ. ಅದೇ ಒಂದೇ ಬಲದಲ್ಲಿ ಎಳೆಯುತ್ತಿದ್ದು, ಎಣ್ಣೆಯಂಥದ್ದರ ತಡೆಯಿಂದ ವೇಗ ಸ್ಥಿರವಾಗಿದ್ದರೆ? ತಡೆ ಇಳಿದಾಗ ವೇಗ ಏರುತ್ತದೆ, ಬಲ ಗುಣಿಸು ವೇಗವೂ ಏರುತ್ತದೆ. ಅಂದರೆ ಉತ್ಪಾದನೆ ಹೆಚ್ಚಾಯಿತು! ಪೊರೆ ಎರಡೂ ಕಡೆ ಒಂದೇ. ಹಾಗಾಗಿ ಕನಿಷ್ಠವೋ ಗರಿಷ್ಠವೋ ಎಂಬುದಕ್ಕಿಂತ ಮೊದಲು ಏನನ್ನು ಸ್ಥಿರವಾಗಿ ಹಿಡಿದಿದ್ದೇವೆ ಎಂದು ಕೇಳಬೇಕು. ಎಷ್ಟೋ ಪ್ರಾಜೆಕ್ಟ್ ವರದಿಗಳು ಎಡವುವುದು ಇಲ್ಲೇ.

ಬಾವಿಯ ರಾಟೆ ಕಿರುಗುಟ್ಟುವುದೂ ಸ್ವಯಂ-ಸಂಘಟನೆಯಾ?

ಹೌದು, ಕಾಲದಲ್ಲಿ ಹುಟ್ಟುವ ಕ್ರಮ. ನೀವು ಹಗ್ಗವನ್ನು ಒಂದೇ ಸಮನೆ ಎಳೆಯುತ್ತೀರಿ, ಅಚ್ಚು ಮಾತ್ರ ಅಂಟಿ, ಜಾರಿ, ಮತ್ತೆ ಅಂಟಿ ತಾಳ ಹಾಕುತ್ತದೆ. ವೇಗ ಹೆಚ್ಚಿದಂತೆ ಘರ್ಷಣೆ ಇಳಿಯುವ ಜೋಡಿಗಳಲ್ಲಿ ಹೀಗಾಗುತ್ತದೆ. ಬ್ರೇಕಿನ ಕೆಲವು ಬಗೆಯ ಕೀರಲಿಗೂ ಪಿಟೀಲಿನ ನಾದಕ್ಕೂ ಮೂಲ ಇದೇ. ತೆಂಗಿನೆಣ್ಣೆ ಬಿಟ್ಟರೆ ಸದ್ಯಕ್ಕೆ ಸುಮ್ಮನಾಗುತ್ತದೆ. ಗ್ರೀಸ್ ವಾಸಿ.

ಫೈನಲ್ ಇಯರ್ ಪ್ರಾಜೆಕ್ಟ್‌ಗೆ ಈ ಘರ್ಷಣೆ, ಬಿಸಿ, ಸವೆತ ಅಳೆಯಬೇಕು. ಎಲ್ಲಿಂದ ಶುರು ಮಾಡ್ಲಿ ಸರ್?

ಪಿನ್-ಆನ್-ಡಿಸ್ಕ್ ಯಂತ್ರದಿಂದ. ತಿರುಗುವ ತಟ್ಟೆಯ ಮೇಲೆ ಪಿನ್ ಒತ್ತಿ, ಘರ್ಷಣೆಯ ಬಲವನ್ನು ದಾಖಲಿಸಿ. ಪಿನ್ನಿನ ಒಳಗೆ, ಉಜ್ಜುವ ತುದಿಯಿಂದ ಬೇರೆ ಬೇರೆ ದೂರದಲ್ಲಿ ಎರಡು ಥರ್ಮೋಕಪಲ್ ಕೂರಿಸಿ. ಒಂದೇ ಇದ್ದರೆ ಉಷ್ಣತೆ ಮಾತ್ರ ಸಿಗುತ್ತದೆ, ಎರಡಿದ್ದರೆ ಪಿನ್ನಿನೊಳಗೆ ಎಷ್ಟು ಬಿಸಿ ಹರಿಯಿತು ಎಂದೂ ಗೊತ್ತಾಗುತ್ತದೆ. ಮೊದಲ ನಿಮಿಷಗಳ ದಾಖಲೆಯನ್ನು ಎಸೆಯಬೇಡಿ. ಪೊರೆ ಕಟ್ಟುವ ಕಥೆ ಇರುವುದೇ ಅಲ್ಲಿ. ಪ್ರಯೋಗ ನಡುವೆ ನಿಲ್ಲಿಸಿ ಪಿನ್ ತೆಗೆದು ತೂಗಿ ಮತ್ತೆ ಹಾಕಿದರೆ ಅದೇ ಜಾಗ ಅದೇ ರೀತಿ ಕೂರುವುದಿಲ್ಲ. ಪ್ರತಿ ದೂರಕ್ಕೂ ಹೊಸ ಪಿನ್ ಬಳಸಿ.

ಮಳೆಗಾಲದಲ್ಲಿ ಪ್ರಯೋಗ ಮಾಡುವವರಿಗೆ ಇನ್ನೊಂದು ಮಾತು. ದಿನದಿನದ ತೇವಾಂಶ ಬರೆದಿಡಿ, ಘರ್ಷಣೆ ಅದರ ಜೊತೆ ಬದಲಾಗುತ್ತದೆ. ನೈಲಾನ್ ಪಿನ್ ಆಗಿದ್ದರೆ ತೂಗುವ ಮೊದಲು ಒಣಗಿಸಿಡಿ. ನೈಲಾನ್ ಗಾಳಿಯ ನೀರು ಹೀರುತ್ತದೆ. ಜುಲೈಯಲ್ಲಿ ಸವೆದ ಪಿನ್ ಮೊದಲಿಗಿಂತ ಭಾರವಾಗಿಯೂ ತೂಗಬಹುದು.